ಹೊಸ ಭಾಷೆ ಕಟ್ಟೋರಿಗೆ: ಧ್ವನಿ ನಿಯಮಗಳ ಸರದಿ ಯಾಕೆ ಮುಖ್ಯ

ಕಾನ್‌ಲ್ಯಾಂಗ್, ಅಂದ್ರೆ ಬೇಕಂತಲೇ ಕಟ್ಟಿದ ಹೊಸ ಭಾಷೆ, ಅದನ್ನ ಕಟ್ಟೋರು ತಮ್ಮ ಫೈಲ್ ಕೊಟ್ಟಾಗ ನಾನು ಮೊದಲು ನೋಡೋದು ಮೂಲಭಾಷೆಯಿಂದ ಅದ್ರಲ್ಲಿ ಹುಟ್ಟಿದ ಮಗಳು ಭಾಷೆಗೆ ಬರೋ ಧ್ವನಿ ನಿಯಮಗಳಿಗೆ ಸರದಿ ಇದೆಯಾ ಅಂತ. ತುಂಬಾ ಜನ 'ಕ ಹೋಗಿ ಚ ಆಗತ್ತೆ, ಕೊನೇ ಸ್ವರ ಬಿದ್ದೋಗತ್ತೆ' ಅಂತ ಬರ್ದಿರ್ತಾರೆ, ಯಾವುದು ಮೊದಲು ಯಾವುದು ಆಮೇಲೆ ಅಂತ ಇರಲ್ಲ, ಆದ್ರೆ ಭಾಷೆಯ ಅರ್ಧ ಸ್ವಭಾವ ಅಲ್ಲೇ ತೀರ್ಮಾನ ಆಗಿಬಿಡತ್ತೆ.

ಒಂದು ಮೂಲಭಾಷೆ ತಗೊಳ್ಳಿ, ಅದ್ರಲ್ಲಿ 'ಲಾಕ' ಅಂದ್ರೆ ಕಲ್ಲು, 'ಲಾಕಿ' ಅಂದ್ರೆ ಕಲ್ಲುಗಳು. ನಿಯಮ ಎರಡೇ: ಇ ಅಥವಾ ಎ ಪಕ್ಕ ಬಂದ್ರೆ ಕ ಅನ್ನೋದು ಚ ಆಗತ್ತೆ, ಪದದ ಕೊನೇ ಸ್ವರ ಬೀಳತ್ತೆ. ಸ್ವರ ಮೊದಲು ಬಿದ್ರೆ ಎರಡೂ 'ಲಾಕ್' ಆಗ್ತವೆ, ಬಹುವಚನ ಅನ್ನೋದೇ ಹೋಯ್ತು, ಜನ ಅದನ್ನ ಬೇರೆ ಯಾವುದೋ ಪದ ಸೇರಿಸಿ ಹೇಳ್ಬೇಕಾಗತ್ತೆ. ಕ ಮೊದಲು ಬದಲಾದ್ರೆ 'ಲಾಕ್', 'ಲಾಚ್' ಅಂತ ಬೇರೆ ಬೇರೆ ಉಳೀತವೆ. ಬದಲಾವಣೆಗೆ ಕಾರಣ ಆದ ಇ ಮಾಯ, ಗುರುತು ಮಾತ್ರ ವ್ಯಂಜನದಲ್ಲಿ ಉಳ್ಕೊಂಡು, ಚ ಅನ್ನೋದು ಅರ್ಥ ಬೇರೆ ಮಾಡೋ ಸ್ವತಂತ್ರ ಧ್ವನಿಮಾ ಆಯ್ತು. ಇಂಗ್ಲಿಷಿನ ಫುಟ್, ಫೀಟ್ ಜೋಡಿ ಹುಟ್ಟಿದ್ದೂ ಹೀಗೇ, ಹಳೇ ಬಹುವಚನದ ಇ ಮೊದಲು ಒಳಗಿನ ಸ್ವರವನ್ನ ತಿರುಗಿಸಿ ಆಮೇಲೆ ತಾನು ಬಿದ್ದೋಯ್ತು.

ಇನ್ನೂ ಸ್ವಲ್ಪ ಮುಂದೆ ಹೋಗಿ. ಅದೇ ಭಾಷೇಲಿ 'ನಾತ', 'ನಾತಿ' ಇದ್ರೆ ಎರಡೂ 'ನಾತ್' ಆಗ್ತವೆ, ಯಾಕಂದ್ರೆ ತ ಬಗ್ಗೆ ನಿಯಮನೇ ಇಲ್ಲ. ಅಂದ್ರೆ ಕ ಇರೋ ಪದಗಳಿಗೆ ಬಹುವಚನ ಇದೆ, ಉಳಿದವಕ್ಕೆ ಇಲ್ಲ. ಮಾತಾಡೋರು ಇಂಥ ಓರೆಕೋರೆನ ಸುಮ್ನೆ ಬಿಡಲ್ಲ, ಕೆಲವರು ಸಾದೃಶ್ಯದಿಂದ, ಅಂದ್ರೆ 'ಲಾಚ್' ನೋಡಿ ಅದೇ ಥರ, 'ನಾಚ್' ಅಂತ ಶುರು ಮಾಡ್ತಾರೆ, ಹೀಗೆ ಧ್ವನಿಯ ಒಂದು ಚಿಕ್ಕ ಘಟನೆಯಿಂದ ವ್ಯಾಕರಣ ಹುಟ್ಕೊಳ್ಳತ್ತೆ. ನನಗಂತೂ ಈ ಕೆಲಸದಲ್ಲಿ ಇದಕ್ಕಿಂತ ಖುಷಿ ಕೊಡೋದು ಇನ್ನೊಂದಿಲ್ಲ.

ನಿಯಮಕ್ಕೆ ಅರ್ಥ ಗೊತ್ತಿರಲ್ಲ, ಸುತ್ತಲಿನ ಧ್ವನಿ ಅಷ್ಟೇ ಗೊತ್ತು. ನಮ್ಮಲ್ಲೇ ನೋಡಿ, ಸುಮಾರು 10ನೇ ಶತಮಾನದಿಂದ ಪದದ ಮೊದಲಿನ ಪ ಹ ಆಗ್ತಾ ಬಂತು, ಪಾಲ್ ಹಾಲಾಯ್ತು, ಪುಲಿ ಹುಲಿಯಾಯ್ತು, ಆದ್ರೆ ಉಪ್ಪು ಉಪ್ಪಾಗೇ ಇದೆ, ತಂಪು ತಂಪಾಗೇ ಇದೆ, ಒತ್ತಕ್ಷರದಲ್ಲೂ ಅನುನಾಸಿಕದ ಪಕ್ಕದಲ್ಲೂ ಪ ಗಟ್ಟಿಯಾಗಿ ನಿಂತಿತು. ತಮಿಳಲ್ಲಿ ಇ, ಎ ಬಂದ ಕಡೆ ಕ ಚ ಆಯ್ತು, ನಮ್ಮ ಕಿವಿ ಅಲ್ಲಿ ಚೆವಿ, ಆದ್ರೆ ಕೇಳು ಅನ್ನೋದು ಅಲ್ಲೂ ಕೇಳ್ ಅಂತಾನೇ ಇದೆ, ಮುಂದೆ ಮೂರ್ಧನ್ಯ, ಅಂದ್ರೆ ನಾಲಿಗೆ ಮಡಚಿ ಹೇಳೋ, ಳ ಇದ್ದಿದ್ರಿಂದ ಕ ಉಳೀತು. ಇವು ಅಪವಾದ ಥರ ಕಂಡ್ರೂ ನಿಯಮದ ಒಳಗಿನ ಷರತ್ತುಗಳೇ. ನಿಮ್ಮ ಭಾಷೆಗೂ ಇಂಥದ್ದು ಎರಡು ಮೂರು ಇರ್ಲಿ.

ನಿಜವಾದ ಭಾಷೆಯ ನಿಯಮಗಳನ್ನ ಎತ್ಕೊಂಡು ಬೇರೆ ಮೂಲಕ್ಕೆ ಹಾಕೋದೂ ಒಂದು ದಾರಿ, 1996ರಲ್ಲಿ ಶುರುವಾದ ಬ್ರಿಥೆನಿಗ್ ಅನ್ನೋ ಕಾನ್‌ಲ್ಯಾಂಗ್ ಲ್ಯಾಟಿನ್‌ಗೆ ವೆಲ್ಷ್ ಥರದ ಬದಲಾವಣೆ ಹಾಕಿ ಮಾಡಿದ್ದು. ಕಲಿಯೋರಿಗೆ ಇದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಆ ನಿಯಮಗಳು ಒಂದಕ್ಕೊಂದು ಹೊಂದ್ಕೊಂಡು ಬಂದಿರ್ತವೆ.

ಕೊನೆಗೆ ಯಾವುದೋ ಒಂದು ಪದ ಕಿವಿಗೆ ಹಿಡಿಸ್ಲಿಲ್ಲ ಅಂತ ಅದೊಂದನ್ನೇ ಕೈಯಿಂದ ತಿದ್ದಬೇಡಿ. ಮೂಲಪದ ಬದಲಾಯಿಸಿ, ಇಲ್ಲಾ ಆ ಪದ ನಿಯಮ ಮುಗಿದ್ಮೇಲೆ ಅಕ್ಕಪಕ್ಕದ ಭಾಷೆಯಿಂದ ಎರವಲು ಬಂತು ಅಂತ ಬರ್ಕೊಳ್ಳಿ, ಜೊತೆಗೆ ಅದು ಬಂದಿದ್ದು ಎಷ್ಟನೇ ನಿಯಮ ಆದ್ಮೇಲೆ ಅನ್ನೋದನ್ನೂ ಗುರುತು ಹಾಕಿ, ಯಾಕಂದ್ರೆ ಆಮೇಲಿನ ನಿಯಮಗಳು ಅದಕ್ಕೂ ಅನ್ವಯ ಆಗ್ತವೆ.