ಯುದ್ಧಕ್ಕೆ ಮುಂಚಿನ ವಾರ ಏನು ನಡೆದಿತ್ತು?

ಶಿವಮೊಗ್ಗದ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಮೊನ್ನೆ ಹೊಸನಗರ ಕಡೆಯ ಹುಡುಗಿಯೊಬ್ಬಳು ಕೇಳಿದಳು, "ಮೇಡಂ, ನಾಯಕರು ಕುರ್ಚಿ ಉಳಿಸಿಕೊಳ್ಳೋಕೆ ಯುದ್ಧ ಮಾಡ್ತಾರಾ?" ಅವಳ ಅಣ್ಣ ಸೈನ್ಯದಲ್ಲಿದ್ದಾನೆ. ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಅವನ ಫೋನಿಗಾಗಿ ಅಮ್ಮ ಸಂಜೆ ಕೊಡೆ ಹಿಡಿದು ಗುಡ್ಡ ಹತ್ತುತ್ತಾರಂತೆ.

ನಾಯಕರ ಮನಸ್ಸಿನಲ್ಲಿ ಏನಿತ್ತು ಅಂತ ಹೇಳುವುದು ಕಷ್ಟ. ಆದರೆ ತಾರೀಖುಗಳನ್ನು ನೋಡಬಹುದು. ಯುದ್ಧಕ್ಕೆ ಮುಂಚಿನ ವಾರ ಜನ ಏನು ಕೇಳುತ್ತಿದ್ದರು? ಆಮೇಲೆ ಆ ಪ್ರಶ್ನೆ ಎಲ್ಲಿ ಹೋಯಿತು?

1982ರ ಅರ್ಜೆಂಟೀನಾವನ್ನೇ ನೋಡಿ. 1976ರಿಂದ ಅಲ್ಲಿ ಸೇನೆಯದ್ದೇ ಆಡಳಿತ. ಸಾವಿರಾರು ಜನರನ್ನು ಹಿಡಿದು ಕಾಣೆ ಮಾಡಲಾಗಿತ್ತು. ಬೆಲೆಗಳು ವರ್ಷದಲ್ಲಿ ದುಪ್ಪಟ್ಟಾಗುತ್ತಿದ್ದವು. ಮಾರ್ಚ್ 30ರಂದು ಕಾರ್ಮಿಕರು ರಾಜಧಾನಿಯಲ್ಲಿ ಬೀದಿಗಿಳಿದರು, ಪೊಲೀಸರ ಏಟು ತಿಂದರು. ಏಪ್ರಿಲ್ 2ಕ್ಕೆ ಸೇನೆ ಬ್ರಿಟನ್ನಿನ ಕೈಯಲ್ಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳಿಗೆ ನುಗ್ಗಿತು. ಮೂರು ದಿನದ ಹಿಂದೆ ಸರ್ಕಾರವನ್ನು ಬೈಯುತ್ತಿದ್ದ ಊರು ಈಗ ದೇಶ ಆಳುತ್ತಿದ್ದ ಸೇನಾಧಿಪತಿ ಗಾಲ್ಟಿಯೇರಿಗೆ ಜೈಕಾರ ಹಾಕಿತು.

ಒಂದು ಮಾತು ಹೇಳಲೇಬೇಕು. ದಾಳಿಯ ತಯಾರಿ ಆ ಪ್ರತಿಭಟನೆಗೂ ಮೊದಲೇ ನಡೆದಿತ್ತು. ಆ ದ್ವೀಪಗಳು ನಮ್ಮವು ಅನ್ನುವ ಜನರ ಭಾವನೆಯೂ ಹಳೆಯದು, ಸುಳ್ಳಲ್ಲ. ಪ್ರೀತಿ ನಿಜವಾಗಿದ್ದರಿಂದಲೇ ಅದನ್ನು ಬಳಸಿಕೊಳ್ಳಲು ಆಯಿತು.

ಮುಂದಿನದನ್ನು ಹೇಳುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ಹೋರಾಡಲು ಕಳಿಸಿದವರಲ್ಲಿ ಬಹಳ ಜನ ಹದಿನೆಂಟು ಹತ್ತೊಂಬತ್ತರ ಹುಡುಗರು. ನನ್ನ ಕ್ಲಾಸಿನ ವಯಸ್ಸು. ಕೊರಿಯೆಂಟೆಸ್, ಚಾಕೊದಂಥ ಸೆಕೆಯ ಪ್ರಾಂತ್ಯಗಳಿಂದ ಬಂದವರೂ ಇದ್ದರು. ಕೊರೆಯುವ ಚಳಿಯಲ್ಲಿ, ನೀರು ತುಂಬಿದ ಗುಂಡಿಗಳಲ್ಲಿ, ಸರಿಯಾದ ಊಟವಿಲ್ಲದೆ ಕೂತರು. 74 ದಿನಕ್ಕೆ ಯುದ್ಧ ಮುಗಿಯಿತು. ಅರ್ಜೆಂಟೀನಾದ 649 ಜನ, ಬ್ರಿಟನ್ನಿನ 255 ಜನ ಸತ್ತರು. ಸೋತ ಕೆಲವೇ ದಿನಗಳಲ್ಲಿ ಗಾಲ್ಟಿಯೇರಿ ಕುರ್ಚಿ ಬಿಟ್ಟ. ಅತ್ತ, ಯುದ್ಧಕ್ಕೆ ಮುಂಚೆ ಜನಪ್ರಿಯತೆ ಕಳೆದುಕೊಂಡಿದ್ದ ಬ್ರಿಟನ್ ಪ್ರಧಾನಿ ಥ್ಯಾಚರ್ 1983ರ ಚುನಾವಣೆ ಭರ್ಜರಿಯಾಗಿ ಗೆದ್ದರು. ಯುದ್ಧದಿಂದ ಎಷ್ಟು, ಚೇತರಿಸಿಕೊಂಡ ಆರ್ಥಿಕತೆಯಿಂದ ಎಷ್ಟು ಅನ್ನುವ ವಾದ ಇನ್ನೂ ಇದೆ.

ಯುದ್ಧ ಬಂದಾಗ ಜನ ನಾಯಕನ ಸುತ್ತ ಸೇರುವುದನ್ನು ಅಮೆರಿಕದ ರಾಜ್ಯಶಾಸ್ತ್ರಜ್ಞ ಜಾನ್ ಮುಲ್ಲರ್ 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆಗ ವಿರೋಧ ಪಕ್ಷ ಸುಮ್ಮನಾಗುತ್ತದೆ. ಪತ್ರಿಕೆಗಳಿಗೆ ಸರ್ಕಾರ ಹೇಳಿದ್ದೇ ಸುದ್ದಿ. ಆದರೆ ಇದು ಜಾಸ್ತಿ ದಿನ ಉಳಿಯುವುದಿಲ್ಲ. 1991ರ ಕೊಲ್ಲಿ ಯುದ್ಧ ಗೆದ್ದಾಗ ಅಮೆರಿಕದ ಅಧ್ಯಕ್ಷ ಹಿರಿಯ ಬುಷ್‌ಗೆ ಶೇಕಡ 89 ಜನರ ಮೆಚ್ಚುಗೆಯಿತ್ತು. 1992ರ ಚುನಾವಣೆಯಲ್ಲಿ ಅವರು ಸೋತರು.

ಪಾಠ ಮುಗಿದ ಮೇಲೆ ಆ ಹುಡುಗಿ ಹತ್ತಿರ ಬಂದಳು. "ಹೀಗೆಲ್ಲ ಕೇಳಿದ್ರೆ ಅಣ್ಣನಿಗೆ ದ್ರೋಹ ಮಾಡಿದ ಹಾಗೆ ಆಗಲ್ವಾ, ಮೇಡಂ?"

ನಾನು ಪ್ಲಾಜಾ ದೆ ಮಾಯೊದ ತಾಯಂದಿರ ಬಗ್ಗೆ ಹೇಳಿದೆ. ಕಾಣೆಯಾದ ಮಕ್ಕಳಿಗಾಗಿ ಅವರು 1977ರಿಂದ ಅಧ್ಯಕ್ಷರ ಅರಮನೆಯ ಎದುರಿನ ಆ ಚೌಕದಲ್ಲಿ ಸೇರುತ್ತಿದ್ದರು. ಯುದ್ಧದ ಗದ್ದಲದಲ್ಲೂ ಬಂದರು. ಆಗ ಅವರ ಫಲಕದಲ್ಲಿ ಹೀಗಿತ್ತು: ದ್ವೀಪಗಳು ಅರ್ಜೆಂಟೀನಾದವು, ಕಾಣೆಯಾದವರೂ ಅರ್ಜೆಂಟೀನಾದವರೇ.