ಗಾಢ ಬಣ್ಣದ ವಿಸ್ಕಿಯೇ ಒಳ್ಳೇದಾ?

ಪ್ರಶ್ನೆ: ಒಂದೇ ಸ್ಕಾಚ್ ಡಿಸ್ಟಿಲರಿಯ ಎರಡು ಸಿಂಗಲ್ ಕಾಸ್ಕ್ (ಬೇರೆ ಪೀಪಾಯಿಯದ್ದು ಬೆರೆಸದೆ, ಒಂದೇ ಪೀಪಾಯಿಯಿಂದ ತುಂಬಿದ) ಬಾಟಲಿ ಇವೆ. ಎರಡೂ 12 ವರ್ಷದವು. ಒಂದು ತಿಳಿ ಹಳದಿ, ಇನ್ನೊಂದು ಗಾಢ ಕಂದು. ಕಂದು ಬಣ್ಣದ್ದೇ ಚೆನ್ನಾಗಿ ಮಾಗಿದ್ದು, ಅದೇ ಒಳ್ಳೇದು ಅಲ್ವಾ?

ಉತ್ತರ: ಅಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಲೇಬಲ್ ಮೇಲೆ ವಯಸ್ಸು ದಪ್ಪ ಅಕ್ಷರದಲ್ಲಿದ್ದರೂ ಜನ ಬಾಟಲಿಯನ್ನು ಬೆಳಕಿಗೆ ಹಿಡಿದೇ ವಯಸ್ಸು ಅಳೆಯುತ್ತಾರೆ. ಹಾಗಾಗಿ ಇನ್ನೊಮ್ಮೆ, ಸ್ವಲ್ಪ ವಿವರವಾಗಿ.

ಭಟ್ಟಿಯಿಂದ ಇಳಿದ ಹೊಸ ಸ್ಪಿರಿಟ್‌ಗೆ ಬಣ್ಣವೇ ಇಲ್ಲ, ನೀರಿನ ಹಾಗೆ ಇರುತ್ತದೆ. ಆಮೇಲೆ ಬರುವ ಬಣ್ಣ ಓಕ್ ಪೀಪಾಯಿಯದ್ದು. ಆ ಪೀಪಾಯಿಯಲ್ಲಿ ಮೊದಲು ಏನಿತ್ತು, ಈಗ ಎಷ್ಟನೇ ಸಲ ಸ್ಕಾಚ್ ತುಂಬಿದ್ದಾರೆ ಅನ್ನೋದನ್ನು ನೋಡಬೇಕು. ಅಮೆರಿಕದ ಕಾನೂನಿನಂತೆ ಅಲ್ಲಿನ ವಿಸ್ಕಿಯಾದ ಬೋರ್ಬನ್‌ಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಒಮ್ಮೆ ಬಳಸಿದ್ದು ಮತ್ತೆ ಬೋರ್ಬನ್‌ಗೆ ಬರುವುದಿಲ್ಲ, ಹಡಗು ಹತ್ತಿ ಸ್ಕಾಟ್ಲೆಂಡ್ ಸೇರುತ್ತದೆ. ಅದರಲ್ಲಿ ಮಾಗಿದ ವಿಸ್ಕಿ ಸಾಮಾನ್ಯವಾಗಿ ಹೊಂಬಣ್ಣದ್ದು. ವೆನಿಲ್ಲಾ, ತೆಂಗಿನಕಾಯಿಯ ಪರಿಮಳ ಇರುತ್ತದೆ. ಸ್ಪೇನಿನ ಶೆರಿ ವೈನ್ ಹಿಡಿದಿದ್ದ ಪೀಪಾಯಿಯಾದರೆ ಕೆಂಪು ಮಿಶ್ರಿತ ಕಂದು, ಒಣದ್ರಾಕ್ಷಿಯ ವಾಸನೆ.

ಇನ್ನು ಎಷ್ಟನೇ ಸಲ ಅನ್ನೋದು. ಕಾಫಿ ಫಿಲ್ಟರ್‌ಗೆ ಎರಡನೇ ಸಲ ಬಿಸಿನೀರು ಹಾಕಿದರೆ ಎಂಥ ಡಿಕಾಕ್ಷನ್ ಇಳಿಯುತ್ತದೆ ಅಂತ ನಿಮಗೆ ಗೊತ್ತು. ಪೀಪಾಯಿಯೂ ಅಷ್ಟೇ. ಮೂರನೇ ಸಲ ತುಂಬಿದ್ದರಲ್ಲಿ 25 ವರ್ಷ ಕಳೆದರೂ ವಿಸ್ಕಿ ತಿಳಿ ಹಳದಿಯಾಗಿಯೇ ಇರಬಹುದು. ಈಗಷ್ಟೇ ಶೆರಿ ಖಾಲಿ ಮಾಡಿದ ಪೀಪಾಯಿಯಲ್ಲಿ 8 ವರ್ಷಕ್ಕೇ ಕಂದಾಗಬಹುದು. ನನ್ನನ್ನು ಕೇಳಿದರೆ ಆ ಹಳೇ ತಿಳಿ ಹಳದಿಯೇ ಇಷ್ಟ. ಮರದ ಅಬ್ಬರ ಕಡಿಮೆ ಇರುವುದರಿಂದ ಡಿಸ್ಟಿಲರಿಯ ಸ್ವಂತ ರುಚಿ ಅದರಲ್ಲೇ ಚೆನ್ನಾಗಿ ಸಿಗುತ್ತದೆ.

ಇಷ್ಟು ಹೇಳಿದರೂ "ಏನೇ ಆಗಲಿ, ಬಣ್ಣ ಸುಳ್ಳು ಹೇಳಲ್ಲ" ಅನ್ನುವವರಿದ್ದಾರೆ. ಹೇಳುತ್ತದೆ ಸ್ವಾಮಿ. ಸ್ಕಾಚ್‌ಗೆ ನೀರಿನ ಜೊತೆ ಕ್ಯಾರಮೆಲ್ ಬಣ್ಣ ಸೇರಿಸಲು 2009ರ ಸ್ಕಾಚ್ ವಿಸ್ಕಿ ನಿಯಮಗಳಲ್ಲೇ ಅವಕಾಶ ಇದೆ. ಇ150ಎ ಅಂತ ಅದರ ಹೆಸರು. ಒಂದೇ ಡಿಸ್ಟಿಲರಿಯಲ್ಲಿ ಬಾರ್ಲಿ ಮಾಲ್ಟ್‌ನಿಂದ ಮಾಡಿದ ಸಿಂಗಲ್ ಮಾಲ್ಟ್‌ಗೂ ಹಾಕಬಹುದು. ಬೇರೆ ಬೇರೆ ವರ್ಷ ತುಂಬಿದ ಬಾಟಲಿಗಳು ಅಂಗಡಿಯಲ್ಲಿ ಒಂದೇ ಥರ ಕಾಣಲಿ ಅಂತ ಹಾಕುತ್ತಾರೆ. ಜರ್ಮನಿಯಲ್ಲಿ ಮಾರುವ ಬಾಟಲಿಯಾದರೆ ಬಣ್ಣ ಹಾಕಿದ್ದನ್ನು ಲೇಬಲ್ ಮೇಲೆ ಬರೆಯಲೇಬೇಕು. ಸಿಂಗಲ್ ಕಾಸ್ಕ್ ಬಾಟಲಿಗಳಲ್ಲಿ ಈ ಕಾಟ ಕಡಿಮೆ. ಹೆಚ್ಚಿನವರು ಪೀಪಾಯಿಯಲ್ಲಿ ಇದ್ದಂತೆಯೇ ತುಂಬಿ "ಸಹಜ ಬಣ್ಣ" ಅಂತ ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ.

ಬಣ್ಣವೇ ಗುಣ ಅನ್ನುವವರಿಗೆ ನಾನು ಹೇಳುವ ಉದಾಹರಣೆ ಲಾಕ್ ಡೂ. 1990ರ ದಶಕದಲ್ಲಿ ಮ್ಯಾನಕ್‌ಮೋರ್ ಡಿಸ್ಟಿಲರಿಯಿಂದ ಬಂದ ಈ ಸಿಂಗಲ್ ಮಾಲ್ಟ್ ಅಕ್ಷರಶಃ ಕಪ್ಪು. ವಯಸ್ಸು 10 ವರ್ಷ. ಕುಡಿದವರು ಬೈದದ್ದೇ ಜಾಸ್ತಿ, ಹೆಚ್ಚು ದಿನ ಬಾಳಲಿಲ್ಲ. ಈಗ ಬಾಟಲಿ ಕೂಡಿಡುವವರು ಹುಡುಕಿಕೊಂಡು ಹೋಗುತ್ತಾರೆ, ಅದು ಬೇರೆ ಮಾತು.

ಸರಿ, ಆ ಎರಡು ಬಾಟಲಿ ಹೋಲಿಸುವುದು ಹೇಗೆ? ಬಣ್ಣ ಕಾಣದ ಹಾಗೆ. ರುಚಿ ನೋಡುವ ವೃತ್ತಿಯವರು ಕಡು ನೀಲಿ ಗಾಜಿನ ಗ್ಲಾಸ್ ಇಟ್ಟುಕೊಂಡಿರುವುದು ಇದಕ್ಕೇ. ನಿಮ್ಮ ಬಳಿ ಇಲ್ಲದಿದ್ದರೆ ಯಾರಿಂದಲಾದರೂ ಹಾಕಿಸಿಕೊಂಡು ಕಣ್ಣು ಮುಚ್ಚಿ ಮೂಸಿ. ಎರಡರ ಆಲ್ಕೋಹಾಲ್ ಪ್ರಮಾಣವನ್ನೂ ನೋಡಿ. ಕಾಸ್ಕ್ ಸ್ಟ್ರೆಂತ್ (ಪೀಪಾಯಿಯಿಂದ ತೆಗೆದದ್ದಕ್ಕೆ ನೀರು ಬೆರೆಸದೆ ತುಂಬಿದ) ಬಾಟಲಿಗಳಲ್ಲಿ ಒಂದು ಶೇ. 52, ಇನ್ನೊಂದು ಶೇ. 60 ಇದ್ದರೆ ಖಾರದ್ದೇ ಗಮನ ಸೆಳೆಯುತ್ತದೆ. ನೀರು ಬೆರೆಸಿ ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ನೀರು ಹಾಕಿದರೆ ಮರ್ಯಾದೆ ಹೋಗುತ್ತದೆ ಅಂದುಕೊಳ್ಳಬೇಡಿ. ಬೇರೆ ಬೇರೆ ಪೀಪಾಯಿಯ ವಿಸ್ಕಿ ಬೆರೆಸುವ ಬ್ಲೆಂಡರ್‌ಗಳು ವಾಸನೆ ನೋಡುವಾಗ ಸಾಮಾನ್ಯವಾಗಿ ಶೇ. 20ರವರೆಗೂ ಇಳಿಸುತ್ತಾರೆ.

ಲೇಬಲ್‌ನಲ್ಲಿ ಬಣ್ಣಕ್ಕಿಂತ ಉಪಯೋಗದ ಸುಳಿವು ಒಂದಿದೆ: ಆ ಪೀಪಾಯಿಯಿಂದ ತುಂಬಿದ ಒಟ್ಟು ಬಾಟಲಿಗಳ ಸಂಖ್ಯೆ. ಹಾಗ್ಸ್‌ಹೆಡ್ ಪೀಪಾಯಿ ಸುಮಾರು 250 ಲೀಟರ್, ಬಟ್ ಅನ್ನುವ ಶೆರಿ ಪೀಪಾಯಿ ಸುಮಾರು 500. ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ 12 ವರ್ಷದ ಹಾಗ್ಸ್‌ಹೆಡ್‌ನಿಂದ 700 ಮಿಲಿಯ 280 ಬಾಟಲಿ ಸಿಗಬಹುದು. 550ರ ಆಸುಪಾಸು ಇದ್ದರೆ ಅದು ಬಟ್ ಇರಬೇಕು. ದೊಡ್ಡ ಪೀಪಾಯಿಯಲ್ಲಿ ವಿಸ್ಕಿಗೆ ಮರದ ಸಂಪರ್ಕ ಕಡಿಮೆ, ಮಾಗುವುದು ನಿಧಾನ.

ಆವಿಯ ಮಾತು ಬಂತು, ಹಾಗಾಗಿ ಯಾರೂ ಕೇಳದ ಒಂದು ವಿಷಯ. ನಮ್ಮ ಬೆಂಗಳೂರಿನ ಅಮೃತ್ 2004ರಲ್ಲಿ ಗ್ಲಾಸ್ಗೋದಲ್ಲೇ ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿತು. ಅದು ಸ್ಕಾಚ್ ಅಲ್ಲ, ಸ್ಕಾಚ್ ಸ್ಕಾಟ್ಲೆಂಡಿನಲ್ಲೇ ಆಗಬೇಕು. ಆದರೆ ಬಣ್ಣದ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಇಲ್ಲಿನ ಸೆಖೆಗೆ ವಿಸ್ಕಿ ಮರದ ಬಣ್ಣವನ್ನು ಬೇಗ ಎಳೆದುಕೊಳ್ಳುತ್ತದೆ, ನಾಲ್ಕೈದು ವರ್ಷಕ್ಕೇ ಮಾಗುತ್ತದೆ. ಜೊತೆಗೆ ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಆವಿಯಾಗಿ ಹೋಗುತ್ತದೆ. ಇಲ್ಲಿ 12 ವರ್ಷ ಇಟ್ಟರೆ ಪೀಪಾಯಿಯಲ್ಲಿ ಮೂರನೇ ಒಂದು ಭಾಗವೂ ಉಳಿಯುವುದಿಲ್ಲ. ಹೀಗೆ ಆವಿಯಾಗುವುದನ್ನು ಸ್ಕಾಟ್ಲೆಂಡಿನವರು ದೇವತೆಗಳ ಪಾಲು ಅನ್ನುತ್ತಾರೆ. 8 ವರ್ಷ ಮಾಗಿಸಿದ ತಮ್ಮ ವಿಸ್ಕಿಗೆ ಅಮೃತ್‌ನವರು 'ಗ್ರೀಡಿ ಏಂಜಲ್ಸ್' ಅಂತ ಹೆಸರಿಟ್ಟರು. ದೇವತೆಗಳಿಗೆ ದುರಾಸೆ ಅಂತ ಅವರು ಸುಮ್ನೆ ದೂರಲಿಲ್ಲ!