ಮಲೇರಿಯಾ: ಗಾಳಿ ಹೊತ್ತ ಅಪವಾದ

ಇಟಾಲಿಯನ್ ಭಾಷೆಯಲ್ಲಿ ‘ಮಾಲಾ’ ಅಂದರೆ ಕೆಟ್ಟ, ‘ಆರಿಯಾ’ ಅಂದರೆ ಗಾಳಿ. ಎರಡೂ ಸೇರಿ ಮಲೇರಿಯಾ. ಮೊದಲಿಗೆ ಇದು ಕಾಯಿಲೆಯ ಹೆಸರಲ್ಲ, ಕಾಯಿಲೆ ತರುತ್ತದೆ ಎಂದು ಜನ ನಂಬಿದ್ದ ಗಾಳಿಯ ಹೆಸರು. ರೋಮ್ ಸುತ್ತಲಿನ ಜೌಗು ನೆಲದಿಂದ ಬೇಸಿಗೆಯಲ್ಲಿ ಏಳುವ ಕೆಟ್ಟ ಗಾಳಿಯಿಂದಲೇ ಜ್ವರ ಬರುತ್ತದೆ ಅಂತ ಅಲ್ಲಿನವರು ಹೇಳುತ್ತಿದ್ದರು. 1740ರಲ್ಲಿ ರೋಮಿಗೆ ಹೋಗಿದ್ದ ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್ ತನ್ನ ಪತ್ರದಲ್ಲಿ ಈ ಪದ ಬಳಸಿದ್ದಾನೆ: ಪ್ರತಿ ಬೇಸಿಗೆಯಲ್ಲೂ ಬಂದು ಜೀವ ತೆಗೆಯುವ ಭಯಂಕರ ಪೀಡೆ ಅದು ಅಂತ.

ರೋಮಿನ ಜನ ಸುಮ್ನೆ ಹಾಗೆ ಹೇಳುತ್ತಿರಲಿಲ್ಲ. ಜೌಗಿನ ಪಕ್ಕದವರಿಗೇ ಜ್ವರ ಜಾಸ್ತಿ. ರಾತ್ರಿ ಹೊರಗೆ ಮಲಗಿದರೆ ಅಪಾಯ. ಅವರು ಕಂಡದ್ದು ನಿಜವೇ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಿನಲ್ಲಿ, ಕಚ್ಚುವುದು ಹೆಚ್ಚಾಗಿ ಕತ್ತಲಾದ ಮೇಲೆ. ಕಿಟಕಿ ಮುಚ್ಚಿದರೆ ಗಾಳಿಯ ಜೊತೆ ಸೊಳ್ಳೆಯೂ ಹೊರಗೇ ಉಳಿಯುತ್ತದೆ. ಹಾಗಿರುವಾಗ ತಪ್ಪು ಯಾರದ್ದು ಅಂತ ಗೊತ್ತಾಗುವುದು ಹೇಗೆ?

1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಮಲೇರಿಯಾ ತರುವ ಪರಾವಲಂಬಿಯನ್ನು, ಅಂದರೆ ಇನ್ನೊಂದು ಜೀವಿಯ ಮೈಯಲ್ಲಿ ಬದುಕುವ ಸೂಕ್ಷ್ಮ ಜೀವಿಯನ್ನು, ಕಂಡ. 1897ರಲ್ಲಿ ಸಿಕಂದರಾಬಾದಿನಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಪತ್ತೆಹಚ್ಚಿದ. ಆದರೂ ಗಾಳಿಯ ಮೇಲಿನ ಅನುಮಾನ ಹೋಗಲಿಲ್ಲ.

ನನಗೆ ಬಹಳ ಇಷ್ಟವಾದ ಪ್ರಯೋಗ ನಡೆದದ್ದು 1900ರಲ್ಲಿ. ಲಂಡನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಯೋಚಿಸಿದ ಪ್ರಯೋಗ ಅದು. ರೋಮ್ ಹತ್ತಿರದ ಓಸ್ಟಿಯಾದಲ್ಲಿ, ಜ್ವರ ಕಾಡುವ ಜಾಗದಲ್ಲೇ, ಒಂದು ಮರದ ಗುಡಿಸಲು ಎದ್ದಿತು. ಬಾಗಿಲು, ಕಿಟಕಿಗಳಿಗೆಲ್ಲ ಸೊಳ್ಳೆ ಜಾಲರಿ. ಸ್ಯಾಂಬನ್ ಮತ್ತು ಲೋ ಎಂಬ ಇಬ್ಬರು ವೈದ್ಯರು ಸಂಗಡಿಗರ ಜೊತೆ ಬೇಸಿಗೆಯಿಡೀ ಅಲ್ಲೇ ಇದ್ದರು. ಹಗಲು ಓಡಾಟ, ಸೂರ್ಯ ಮುಳುಗುವ ಮೊದಲೇ ಒಳಗೆ. ಮಲೇರಿಯಾದ ಮದ್ದಾದ ಕ್ವಿನೈನ್ ಮುಟ್ಟಲಿಲ್ಲ. ಜಾಲರಿಯಿಂದ ತೂರಿ ಬರುವ ಅದೇ ‘ಕೆಟ್ಟ ಗಾಳಿ’ಯನ್ನು ರಾತ್ರಿಯಿಡೀ ಉಸಿರಾಡಿದರು. ಯಾರಿಗೂ ಮಲೇರಿಯಾ ಬರಲಿಲ್ಲ.

ಅದೇ ವರ್ಷ ರೋಮಿನಲ್ಲಿ ರೋಗಿಗಳ ರಕ್ತ ಹೀರಿದ ಸೊಳ್ಳೆಗಳನ್ನು ಲಂಡನ್ನಿಗೆ ಕಳಿಸಿದರು. ಅವಕ್ಕೆ ಮೈಯೊಡ್ಡಿದ್ದು ಮ್ಯಾನ್ಸನ್‌ನ ಸ್ವಂತ ಮಗ. ಅಲ್ಲಿ ಜೌಗೂ ಇಲ್ಲ, ರೋಮಿನ ಗಾಳಿಯೂ ಇಲ್ಲ. ಹುಡುಗನಿಗೆ ಜ್ವರ ಬಂತು, ರಕ್ತದಲ್ಲಿ ಪರಾವಲಂಬಿಯೂ ಕಾಣಿಸಿತು. ಎಂಥ ಎದೆಗಾರಿಕೆ, ಅಲ್ವಾ?

ಗಾಳಿಯ ತಪ್ಪಿಲ್ಲ ಎಂದು ತಿಳಿದರೂ ಹೆಸರು ಹಾಗೇ ಉಳಿಯಿತು. ನಮ್ಮ ‘ಚಳಿಜ್ವರ’ ಕಾರಣದ ಗೊಡವೆಗೆ ಹೋಗದೆ, ರೋಗಿಗೆ ಏನಾಗುತ್ತದೋ ಅದನ್ನಷ್ಟೇ ಹೇಳುತ್ತದೆ. ಪರಾವಲಂಬಿಗಳು ಕೆಂಪು ರಕ್ತಕಣಗಳ ಒಳಗೆ ಬೆಳೆದು, ಅವನ್ನು ಒಟ್ಟಿಗೆ ಒಡೆದು ಹೊರಬರುವಾಗಲೇ ಮೈ ನಡುಗುವ ಚಳಿ, ಹಿಂದೆಯೇ ಜ್ವರ. ವೈವಾಕ್ಸ್ ಎಂಬ ಬಗೆಯಲ್ಲಿ ಇದು ಸುಮಾರು 48 ಗಂಟೆಗೊಮ್ಮೆ ಮರುಕಳಿಸುತ್ತದೆ.